ಮೂವತ್ತೇಳು ಡಿಗ್ರಿಯ ಬಾಣಂತನ

ಏಪ್ರಿಲ್ ೮, ೨೦೨೪, ಸೋಮವಾರ. ಕೋಣೆ ೩೪.೨ ಡಿಗ್ರಿ

ಹೊಸ ನೋಟ್‌ಬುಕ್ ತೆರೆದರೆ ಮೊದಲು ‘ಸಾಮಗ್ರಿ ಮತ್ತು ವಿಧಾನ’ ಬರೆಯಬೇಕೆಂಬುದು ನಮ್ಮ ಲ್ಯಾಬಿನ ಶಾಸ್ತ್ರ. ಲ್ಯಾಬು ಕೆಂಗೇರಿಯಲ್ಲಿದೆ, ನಾನು ಕುರುಬರಹಳ್ಳಿಯ ಈ ಕೋಣೆಯಲ್ಲಿದ್ದೇನೆ. ಆದರೂ ಶಾಸ್ತ್ರ ಶಾಸ್ತ್ರವೇ.

ಸಾಮಗ್ರಿ: ಒಬ್ಬಳು ಬಾಣಂತಿ, ಅಂದರೆ ನಾನು, ಕವನಾ. ಪಿಎಚ್‌.ಡಿ.ಯಲ್ಲಿ ಐದನೇ ವರ್ಷ, ಹೆರಿಗೆಯಲ್ಲಿ ಮೊದಲನೆಯದು. ಎರಡರಲ್ಲಿ ಬೇಗ ಮುಗಿದದ್ದು ಹೆರಿಗೆ. ಒಂದು ಮಗು, ಹೆಣ್ಣು, ನಾಲ್ಕು ವಾರದ್ದು. ಇನ್ನೂ ಹೆಸರಿಟ್ಟಿಲ್ಲ. ಅದು ಅಳುತ್ತದೆ, ಕುಡಿಯುತ್ತದೆ, ಒದ್ದೆ ಮಾಡುತ್ತದೆ. ಈ ಮೂರಕ್ಕೂ ನಡುವೆ ನನ್ನನ್ನು ಸಂದರ್ಶನಕ್ಕೆ ಬಂದ ಪ್ರೊಫೆಸರನ ಹಾಗೆ ನೋಡುತ್ತದೆ. ಆಯ್ಕೆ ಮಾಡುವ ಲಕ್ಷಣ ಕಾಣುತ್ತಿಲ್ಲ. ಒಬ್ಬ ಗಂಡ, ರೇವಂತ್, ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನಲ್ಲಿ ಕೆಲಸ. ರೈಲು ಎರಡು ನಿಮಿಷ ತಡವಾದರೆ ಮೈಕಿನಲ್ಲಿ ಊರಿಗೆಲ್ಲ ಕ್ಷಮೆ ಕೇಳುತ್ತಾನೆ, ತಾನು ಎರಡು ಗಂಟೆ ತಡವಾಗಿ ಬಂದರೆ ಊಟಕ್ಕೇನಿದೆ ಎಂದು ಕೇಳುತ್ತಾನೆ. ಕೊನೆಯದಾಗಿ, ಅವನ ಅಮ್ಮ, ನನ್ನ ಅತ್ತೆ, ಹನುಮಕ್ಕ. ಕುರುಬರಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಇಲ್ಲಿಗೆ ಸೊಸೆಯಾಗಿ ಬಂದವರು.

ವಿಧಾನ: ಕಿಟಕಿ ಮುಚ್ಚುವುದು. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಾಲಿಗೆ ಸಾಕ್ಸು. ಮಂಚದ ಕೆಳಗೆ ಸಾಂಬ್ರಾಣಿ. ದಿನಾ ಒಂದು ಹಂಡೆ ಸುಡುನೀರು ತಲೆಯ ಮೇಲೆ. ಊರಿನಲ್ಲಿ ಬೋರ್‌ವೆಲ್ಲುಗಳು ಬತ್ತಿ, ಟ್ಯಾಂಕರಿಗೆ ಮೂರು ದಿನ ಕಾಯುವ ಬೇಸಿಗೆ ಇದು. ನನ್ನ ಹಂಡೆ ಮಾತ್ರ ಯಾವತ್ತೂ ತುಂಬಿರುತ್ತದೆ.

ಮೊದಲ ಬಾಣಂತನ ತವರಿನಲ್ಲಾಗಬೇಕು. ಅಮ್ಮ ಹೋಗಿ ಆರು ವರ್ಷವಾಯಿತು. “ತವರೂ ನಾನೇ ಅನ್ಕೊ” ಎಂದರು ಅತ್ತೆ. ಅಂದುಕೊಳ್ಳುವುದು ಕಷ್ಟ. ನನ್ನಮ್ಮ ಫ್ಯಾನು ಹಾಕಿಕೊಡುತ್ತಿದ್ದಳು.

ಲ್ಯಾಬಿನಿಂದ ಒಂದು ಡಿಜಿಟಲ್ ಥರ್ಮಾಮೀಟರು ತಂದಿಟ್ಟುಕೊಂಡಿದ್ದೇನೆ. ನಿನ್ನೆ ಸ್ನಾನದ ನೀರಿಗೆ ಅದನ್ನು ಅದ್ದಲು ಹೋದರೆ ಅತ್ತೆ ತಡೆದು ತಮ್ಮ ಮೊಣಕೈ ಅದ್ದಿದರು. “ಸರಿಯಾಗೈತೆ” ಎಂದರು. ನಾನು ಅಳೆದೆ: ನಲವತ್ತಮೂರು. ಮೊಣಕೈಗಳಿಗೂ ವರ್ಷಕ್ಕೊಮ್ಮೆ ಸರ್ವಿಸಿಂಗ್ ಬೇಕು.

ನಾನು ಓದುತ್ತಿರುವುದು ಕ್ಯಾಂಡಿಡಾ ಎಂಬ ಯೀಸ್ಟಿನ ಬಗ್ಗೆ. ಬ್ರೆಡ್ಡು ಉಬ್ಬಿಸುವ ಯೀಸ್ಟಿನ ದೂರದ, ಹೆಸರು ಕೆಡಿಸಿಕೊಂಡ ದಾಯಾದಿ. ಮೂವತ್ತು ಡಿಗ್ರಿಯಲ್ಲಿ ಸಂಭಾವಿತರ ಹಾಗೆ ಗುಂಡಗೆ ಇರುತ್ತದೆ. ನಮ್ಮ ಮೈಯ ಬಿಸಿಗೆ, ಮೂವತ್ತೇಳಕ್ಕೆ, ಏರಿಸಿದರೆ ಉದ್ದುದ್ದ ಎಳೆ ಚಾಚಿ ಮಾಂಸದೊಳಗೆ ನುಗ್ಗುತ್ತದೆ. ಶಾಖ ಕೊಟ್ಟರೆ ಶಾಖೆ ತೆರೆಯುತ್ತದೆ, ಬ್ಯಾಂಕಿನವರ ಹಾಗೆ.

ಈ ಕೋಣೆ ಇನ್ನು ಮೂರು ಡಿಗ್ರಿ ಏರಿದರೆ ನನಗೂ ಎಳೆ ಮೂಡಬಹುದು. ಮೊದಲು ಯಾರ ಕಡೆ ಚಾಚಬೇಕೆಂದು ತೀರ್ಮಾನವಾಗಿದೆ.

ಏಪ್ರಿಲ್ ೧೦, ಬುಧವಾರ. ಕೋಣೆ ೩೪.೯

ನಿನ್ನೆ ಯುಗಾದಿ. ಎಲ್ಲರಿಗೂ ಒಬ್ಬಟ್ಟು, ನನಗೆ ಬೆಳ್ಳುಳ್ಳಿ ಸಾರು. ಬೇವು ಬೆಲ್ಲದಲ್ಲಿ ಬೇವು ಬಾಣಂತಿಗೆ ಒಳ್ಳೆಯದಂತೆ, ಬೆಲ್ಲ ಆಗುವುದಿಲ್ಲವಂತೆ. ಹಬ್ಬದ ತತ್ತ್ವದಲ್ಲಿ ಅರ್ಧ ನನ್ನ ಪಾಲಿಗೆ ಬಂತು.

ಲ್ಯಾಬಿನಿಂದ ಕಲ್ಮೇಶನ ಫೋನು. ಧಾರವಾಡ ಕಡೆಯವನು, ನನ್ನ ಜೂನಿಯರು. ನಾನಿಲ್ಲದಾಗ ನನ್ನ ಯೀಸ್ಟಿಗೆ ಅವನೇ ಬಾಣಂತನ ಮಾಡುತ್ತಿದ್ದಾನೆ. ನಮ್ಮ ಪ್ರಬಂಧ ಅಚ್ಚಾಗಬೇಕಾದರೆ ಇನ್ನೊಂದು ಪ್ರಯೋಗ ಮಾಡಿ ತೋರಿಸಿ ಎಂದು ಪತ್ರಿಕೆಯವರು ಕೇಳಿದ್ದಾರೆ: ಜ್ವರದ ಬಿಸಿಯಲ್ಲಿ, ಅಂದರೆ ಮೂವತ್ತೊಂಬತ್ತರಲ್ಲಿ, ಹನ್ನೆರಡನೇ ನಂಬರು ಏನು ಮಾಡುತ್ತದೆ? ಹನ್ನೆರಡನೇ ನಂಬರು ಎಂದರೆ ಒಬ್ಬ ರೋಗಿಯ ರಕ್ತದಿಂದ ಬಂದ ಯೀಸ್ಟು. ಮಾಮೂಲಿ ಔಷಧಕ್ಕೆ ಜಗ್ಗುವುದಿಲ್ಲ. ಹೆರಿಗೆಗೆ ಎರಡು ವಾರವಿರುವ ತನಕ ನಾನು ದಿನಾ ಅದರ ಜೊತೆಯೇ ಇದ್ದೆ.

ಅತ್ತೆ ಮಗುವಿನ ಬೆನ್ನಿಗೆ ಹರಳೆಣ್ಣೆ ತೀಡುತ್ತಾ ಎಲ್ಲ ಕೇಳಿಸಿಕೊಂಡರು.

“ಅದೇನೋ ಹುಳ ಸಾಕ್ತೀಯಲ್ಲ, ಅದ್ಕೂ ಬಿಸಿ ಮಾಡ್ತೀಯಾ?”

“ಮಾಡ್ತೀನಿ ಅತ್ತೆ. ಬಿಸಿ ಆದ್ರೆ ಅದರ ಮೈಯೊಳಗಿನ ಪ್ರೋಟೀನೆಲ್ಲ ಮಡಿಕೆ ಬಿಚ್ಕೊಂಡುಬಿಡುತ್ತೆ. ಬಿಚ್ಕೊಂಡ್ರೆ ಕೆಲಸಕ್ಕೆ ಬರಲ್ಲ.”

“ಸೀರೆ ನೆರಿಗೆ ಬಿಚ್ದಂಗೆ.”

“ಹೂಂ. ಆಗ ಒಂದು ಪ್ರೋಟೀನ್ ಓಡಿ ಬರುತ್ತೆ, ಹೀಟ್ ಶಾಕ್ ಪ್ರೋಟೀನ್ ಅಂತ. ಬಿಚ್ಚಿದ್ದನ್ನೆಲ್ಲ ಹಿಡಿದು ಮತ್ತೆ ಮಡಿಸುತ್ತೆ. ಅದು ಇರೋದ್ರಿಂದ್ಲೇ ಆ ಹುಳ ಬಿಸಿಗೂ ಸಾಯಲ್ಲ, ಔಷಧಿಗೂ ಸಾಯಲ್ಲ.”

“ಮದ್ವೆ ಮನೇಲಿ ಬಾಯಲ್ಲಿ ಪಿನ್ನು ಕಚ್ಕೊಂಡು ಎಲ್ಲಾರ ನೆರಿಗೇನೂ ಸರಿ ಮಾಡ್ತಾ ಓಡಾಡ್ತಾರಲ್ಲ, ಹಂಗೆ.” ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡು, “ಅದ್ಕೆ ಊಟ ಯಾರು ಹಾಕ್ತಾರೆ?” ಎಂದರು.

ಈ ಪ್ರಶ್ನೆಯನ್ನು ಪತ್ರಿಕೆಯವರು ಕೇಳಿಲ್ಲ. ನಾನು ಅವರ ಮಾತಿನ ಮೊದಲರ್ಧವನ್ನು ಮಾತ್ರ ಬರೆದಿಟ್ಟುಕೊಳ್ಳುತ್ತೇನೆ, ಪಾಠ ಮಾಡುವಾಗ ಬೇಕಾಗುತ್ತದೆ. ಪ್ರೋಟೀನುಗಳಿಗೂ ಮಡಿ ಮುಖ್ಯ. ಮಡಿಸದಿದ್ದರೆ ಮಡಿಯುತ್ತವೆ.

ಕೋಣೆಯಿಂದ ಹೊರಡುವಾಗ ಅತ್ತೆ ಹಳೆಯ ಮಾತು ತೆಗೆದರು: “ಬಸುರೀಲಿ ಆ ರೋಗದ ಹುಳದ ಜೊತೆ ಕೂತ್ಕಬ್ಯಾಡ ಅಂದೆ. ನಗಾಡ್ದೆ ನೀನು.” ಇವತ್ತೂ ನಕ್ಕೆ.

ಏಪ್ರಿಲ್ ೧೩, ಶನಿವಾರ. ಕೋಣೆ ೩೫.೧

ಮಗು ಹಾಲು ಕುಡಿಯುತ್ತಿಲ್ಲ. ಬಾಯಿ ಹಾಕುತ್ತದೆ, ಎರಡು ಗುಟುಕು ಎಳೆದು ಚಿಟ್ಟನೆ ಚೀರಿ ಬಿಟ್ಟುಬಿಡುತ್ತದೆ. ನಿನ್ನೆಯಿಂದ ಹೀಗೆಯೇ. ನನಗೂ ಎದೆ ಉರಿಯುತ್ತದೆ, ಹಸಿಮೆಣಸಿನಕಾಯಿ ತೀಡಿದ ಹಾಗೆ. ಹಾಲು ಸಾಲದು ಎಂದು ತೀರ್ಮಾನಿಸಿ ಅತ್ತೆ ಸಬ್ಬಸಿಗೆ ಸೊಪ್ಪಿಗೆ ಬಡ್ತಿ ಕೊಟ್ಟು ಎರಡು ಹೊತ್ತೂ ಬಡಿಸುತ್ತಿದ್ದಾರೆ.

ಮಗುವಿನ ನಾಲಿಗೆಯ ಮೇಲೆ, ಕೆನ್ನೆಯ ಒಳಗೆ, ಬಿಳಿ. “ಹಾಲಿನ ಕೆನೆ” ಎಂದು ಅತ್ತೆ ಒದ್ದೆ ಬಟ್ಟೆಯಲ್ಲಿ ಒರೆಸಿದರು.

ಕೆನೆಯಾದರೆ ಒರೆಸಿದಾಗ ಹೋಗಬೇಕು. ಹೋಗಲಿಲ್ಲ.

ಏಪ್ರಿಲ್ ೧೪, ಭಾನುವಾರ. ಕೋಣೆ ೩೫.೪

ಅದು ಏನೆಂದು ನನಗೆ ಗೊತ್ತು. ಐದು ವರ್ಷದಿಂದ ದಿನಾ ನೋಡಿದ ಮುಖ. ಪುಟ್ಟ ಮಕ್ಕಳ ಬಾಯಲ್ಲಿ ಕ್ಯಾಂಡಿಡಾ ಬರುವುದು ಹೊಸದೇನಲ್ಲ, ಬಂದರೆ ಹೆದರಬೇಕಾಗಿಯೂ ಇಲ್ಲ, ಒಂದು ವಾರ ಡ್ರಾಪ್ಸ್ ಹಾಕಿದರೆ ಹೋಗುತ್ತದೆ. ಪುಸ್ತಕದಲ್ಲಿ ಹಾಗಿದೆ.

ಆದರೆ ಇದು ಯಾವ ಕ್ಯಾಂಡಿಡಾ? ಎಲ್ಲರ ಮೈಯಲ್ಲೂ ಇರುವ ಬಡಪಾಯಿಯೇ, ಅಥವಾ ನನ್ನ ಕೈಯಲ್ಲಿ, ತೋಳಿನಲ್ಲಿ, ಕೂದಲಿನಲ್ಲಿ ಕೂತು ಮನೆಗೆ ಬಂದ ಹನ್ನೆರಡನೇ ನಂಬರೇ? ಅದಾಗಿದ್ದರೆ ಡ್ರಾಪ್ಸ್ ಏನೂ ಮಾಡುವುದಿಲ್ಲ. ಏನೂ ಮಾಡದ ಹಾಗೆ ನೋಡಿಕೊಳ್ಳುವುದು ಹೇಗೆಂದು ಆ ಯೀಸ್ಟಿಗೆ ಗೊತ್ತಿದೆ, ಅದರ ಬಗ್ಗೆಯೇ ನನ್ನ ಪ್ರಬಂಧ.

ಇದನ್ನು ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಮೊದಲು ಗೊತ್ತಿರಬೇಕು. ಇಯರ್‌ಬಡ್ಡನ್ನು ಕುಕ್ಕರಿನಲ್ಲಿಟ್ಟು ಶುದ್ಧ ಮಾಡಿ, ಮಗುವಿನ ನಾಲಿಗೆ ಸವರಿ, ಕುದಿಸಿ ಆರಿಸಿದ ನೀರಿನ ಶೀಶೆಗೆ ಹಾಕಿ, ಐಸಿನ ಜೊತೆ ಟಿಫನ್ ಕ್ಯಾರಿಯರಿನಲ್ಲಿಟ್ಟೆ. ಅತ್ತಿಗುಪ್ಪೆಯಿಂದ ಕೆಂಗೇರಿಗೆ ಒಂದೇ ಮೆಟ್ರೋ. ರೇವಂತನಿಗೆ ಕೊಟ್ಟೆ.

“ಏನಿದು?”

“ಸ್ಯಾಂಪಲ್. ಕಲ್ಮೇಶ್ ಸ್ಟೇಷನ್ ಹತ್ರ ಬರ್ತಾನೆ, ಕೊಡು.”

“ಯಾರ್ದು?”

“ಮನೇದೇ.”

ಅವನು ಮಗುವನ್ನು ನೋಡಿದ, ಕ್ಯಾರಿಯರನ್ನು ನೋಡಿದ. “ಕವನಾ, ಇದು ಮಗು ಕಣೇ, ಪ್ರಾಜೆಕ್ಟ್ ಅಲ್ಲ. ಡಾಕ್ಟ್ರ ಹತ್ರ ಹೋಗೋಣ.”

“ಡಾಕ್ಟ್ರು ಕೇಳೋ ಮೊದಲನೇ ಪ್ರಶ್ನೆಗೆ ನನ್ಹತ್ರ ಉತ್ತರ ಇಲ್ಲ ರೇವಂತ್. ಎರಡು ದಿನ ಕೊಡು.”

ಹೋದ. ಮಧ್ಯಾಹ್ನ ಕಲ್ಮೇಶನ ಫೋನು: “ಅಕ್ಕಾರ, ಸ್ಯಾಂಪಲ್ ಬಂತ್ರಿ. ಮ್ಯಾಲಿನ ಡಬ್ಬಿಯೊಳಗ ಮೊಸರನ್ನನೂ ಬಂದದ. ಎರಡರಾಗ ಯಾವುದನ್ನ ಪ್ಲೇಟಿಗೆ ಹಾಕಬೇಕ್ರಿ?”

ಮಗ ಊಟ ಮರೆತು ಹೊರಟ ಎಂದುಕೊಂಡು ಅತ್ತೆ ಖಾಲಿ ಡಬ್ಬಿ ತುಂಬಿಸಿ ಕಳಿಸಿದ್ದಾರೆ. ಉಪ್ಪಿನಕಾಯಿ ಸಮೇತ.

ಮಗು ಹಾಲು ಬಿಟ್ಟ ಮೇಲೆ ಮೊದಲ ಸಲ ನಕ್ಕೆ. ನಗುವಾಗ ಎದೆ ಉರಿಯಿತು.

ಏಪ್ರಿಲ್ ೧೫, ಸೋಮವಾರ. ಕೋಣೆ ೩೫.೪

ಇವತ್ತಿನ ವರದಿ ಒಂದೇ ಪದ: ಅತ್ತೆ.

ಹನುಮಕ್ಕನವರ ವಿಷಯವಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮೂರು ನಿಮಿಷಕ್ಕೆ ನೀರು ನಿಂತುಹೋಯಿತು, ಟ್ಯಾಂಕು ಖಾಲಿ. ಅಳುವುದಕ್ಕೂ ಟ್ಯಾಂಕರು ಬರಬೇಕು.

ಏಪ್ರಿಲ್ ೧೬, ಮಂಗಳವಾರ. ಕೋಣೆ ೩೫.೮

ಬೆಳಿಗ್ಗೆ ಕಲ್ಮೇಶ ಫೋನು ಮಾಡಿದ. ಯೀಸ್ಟು ಬೆಳೆಸುವ ಪ್ಲೇಟಿನಲ್ಲಿ ಹಸಿರು ಬಂದಿದೆ. ಒಂದೊಂದು ಜಾತಿಗೆ ಒಂದೊಂದು ಬಣ್ಣ ತೋರಿಸುವ ಆ ಪ್ಲೇಟಿನಲ್ಲಿ ಹಸಿರೆಂದರೆ ಕ್ಯಾಂಡಿಡಾ ಅಲ್ಬಿಕಾನ್ಸ್. ಸಂದೇಹ ಮುಗಿಯಿತು.

“ಆದ್ರ ನೀವು ಹೋಲಿಸಾಕ ಹೇಳಿದ ಹನ್ನೆರಡನೇ ನಂಬರೂ ಹಸಿರೇ ಅಲ್ರಿ ಅಕ್ಕಾರ. ಎರಡನ್ನೂ ಇವತ್ತ ಔಷಧದ ಪ್ಲೇಟಿಗೆ ಹಾಕ್ತೀನ್ರಿ. ಬದುಕಿದ್ರ ಹನ್ನೆರಡನೇ ನಂಬರು, ಸತ್ರ ಸಾದಾ. ಶನಿವಾರ ಗೊತ್ತಾಗ್ತದ.” ಆಮೇಲೆ ಮೆಲ್ಲಗೆ, “ಯಾರದ್ರಿ ಇದು?”

“ಶನಿವಾರ ಹೇಳ್ತೀನಿ.”

ಶನಿವಾರದವರೆಗೆ ಕಾಯುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಪ್ರಯೋಗದ ನಡುವೆ ಕೈ ಹಾಕಬಾರದು.

ಮಧ್ಯಾಹ್ನ ಮಗು ಕುಡಿಯುವುದನ್ನೇ ಪೂರ್ತಿ ನಿಲ್ಲಿಸಿತು. ಎದೆಯ ಹತ್ತಿರ ತಂದರೇ ಮುಖ ತಿರುಗಿಸಿ ಅಳು. ಆಮೇಲೆ ಅಳುವುದೂ ಸಣ್ಣದಾಯಿತು. ಅತ್ತೆ ಸಾಂಬ್ರಾಣಿ ಹಿಡಿದು ಒಳಗೆ ಬಂದಾಗ ನಾನು ಮೊಬೈಲಿನ ಟಾರ್ಚು ಹಾಕಿಕೊಂಡು ಅದರ ಬಾಯೊಳಗೆ ನೋಡುತ್ತಿದ್ದೆ. ಅವರು ಟಾರ್ಚು ನೋಡಲಿಲ್ಲ, ಹಗ್ಗದ ಮೇಲಿನ ಲಂಗೋಟಿಗಳನ್ನು ನೋಡಿದರು.

“ಬೆಳಗ್ಗಿಂದ ಬಟ್ಟೆ ಒಣಗೇ ಐತೆ. ಒಂದ್ಸಲಾನೂ ಒದ್ದೆ ಮಾಡಿಲ್ಲ.”

“ಅತ್ತೆ, ಅದು ಕೆನೆ ಅಲ್ಲ.” ಹೇಳಿಬಿಟ್ಟೆ. “ನಾನು ಸಾಕೋ ಹುಳ ಅದು. ನನ್ನಿಂದ್ಲೇ ಬಂದಿರಬೋದು. ನೀವು ಬೇಡ ಅಂದಿದ್ರಿ.”

ಅವರು ಸಾಂಬ್ರಾಣಿಯನ್ನು ನೆಲಕ್ಕಿಟ್ಟರು. ಬಯ್ಗುಳಕ್ಕೆ ತಯಾರಾಗಿ ನಿಂತೆ; ಬಯ್ದರೆ ಬಹುಶಃ ಹಗುರಾಗುತ್ತಿತ್ತು.

“ಜೇನುತುಪ್ಪದಿಂದ ಅಲ್ವಾ?” ಎಂದರು.

“ಯಾವ ಜೇನುತುಪ್ಪ?”

“ಹಬ್ಬದ ದಿವ್ಸ. ನೀನು ಮಲಗಿದ್ದೆ. ಉಂಗುರ ಅದ್ದಿ ಒಂಚೂರು ನೆಕ್ಕಿಸ್ದೆ. ನಿಂಗೆ ಹೇಳಿದ್ರೆ ಬೈತೀಯ ಅಂತ ಹೇಳ್ಲಿಲ್ಲ. ಅವತ್ತಿಂದ್ಲೇ ಬಾಯಿ ಹಿಂಗಾಗಿರದು.” ಬೆರಳಿನ ಉಂಗುರವನ್ನು ತಿರುಗಿಸಿದರು. “ನನ್ ಕೈಯಾರೆ ಮಾಡ್ದೆ ಕಣವ್ವ.”

“ಜೇನಿಂದ ಇದು ಬರಲ್ಲ ಅತ್ತೆ. ಇದು ನಂದು.”

“ನಿಂದೆಂಗೆ ಆಯ್ತದೆ? ನೀನು ಕೈ ತೊಳೆಯದು ನೋಡಿದೀನಿ, ಬಕೀಟು ಖಾಲಿ ಮಾಡ್ತೀಯ. ನಂದೇ.”

“ಅಲ್ಲ ಅತ್ತೆ, ನಿಮಗೆ ಗೊತ್ತಿಲ್ಲ.”

“ನಿಂಗೇನು ಗೊತ್ತು? ಒರೆಸಿದ ಬಟ್ಟೆನೂ ಒದ್ದೇದು.”

ಅತ್ತೆ ಸೊಸೆ ಜಗಳವಾಡುವುದಕ್ಕೆ ವಿಷಯಗಳಿಗೆ ಬರವಿಲ್ಲ. ಆದರೆ ತಪ್ಪು ನನ್ನದು ತನ್ನದೆಂದು ಪಾಲಿಗಾಗಿ ಕಿತ್ತಾಡಿದ್ದು ಕುರುಬರಹಳ್ಳಿಯಲ್ಲೇ ಮೊದಲಿರಬೇಕು. ಮಗು ಅಳು ನಿಲ್ಲಿಸಿ ಇಬ್ಬರನ್ನೂ ನೋಡಿತು.

ಅತ್ತೆಯೇ ಮುಗಿಸಿದರು. “ಯಾರ್ದಾದ್ರೂ ಆಗ್ಲಿ. ಚಪ್ಲಿ ಹಾಕ್ಕೊ.”

ಆಟೋದಲ್ಲಿ ಬಸವೇಶ್ವರನಗರ ದಾಟುವಾಗ ಮುಖಕ್ಕೆ ಗಾಳಿ ಬಡಿಯಿತು. ಆಗ ನೆನಪಾಯಿತು, ನನ್ನ ಕಿವಿಯಲ್ಲಿ ಹತ್ತಿಯಿಲ್ಲ, ತಲೆಗೆ ಸ್ಕಾರ್ಫಿಲ್ಲ. ಅತ್ತೆ ಗಮನಿಸಿರಲಿಲ್ಲ. ಅವರು ಸೆರಗನ್ನು ಬಿಸಿಲಿಗೆ ಅಡ್ಡ ಹಿಡಿದು ಮಗುವಿನ ಮುಖವನ್ನೇ ನೋಡುತ್ತಿದ್ದರು.

ಡಾಕ್ಟರ್ ಕಲಾವತಿ ಬಾಯಿ ತೆರೆಸಿ, ಟಾರ್ಚು ಹಾಕಿ, ಆರಿಸಿದರು.

“ಥ್ರಶ್, ಬಾಯಿ ಫಂಗಸ್ಸು. ಮೊನ್ನೇನೇ ಬರಬೋದಿತ್ತಲ್ಲಮ್ಮ.”

“ಪ್ಲೇಟ್ ರಿಸಲ್ಟ್ ಬರ್ಲಿ ಅಂತ ಕಾಯ್ತಿದ್ದೆ ಡಾಕ್ಟ್ರೇ.”

“ಯಾವ ಪ್ಲೇಟು? ಮಸಾಲೆ ದೋಸೇದಾ?”

ಎಲ್ಲ ಹೇಳಿದೆ: ಲ್ಯಾಬು, ಹನ್ನೆರಡನೇ ನಂಬರು, ಟಿಫನ್ ಕ್ಯಾರಿಯರು. ಅತ್ತೆ ಜೇನುತುಪ್ಪ ಹೇಳಿದರು. ಡಾಕ್ಟರು ಇಬ್ಬರ ಮಾತನ್ನೂ ಪೂರ್ತಿ ಕೇಳಿ, ಮೊದಲು ಅತ್ತೆಯ ಕಡೆ ತಿರುಗಿದರು. ಒಂದು ವರ್ಷದವರೆಗೆ ಜೇನು ಮಗುವಿನ ಹತ್ತಿರ ಸುಳಿಯಬಾರದು, ಅದರ ಅಪಾಯವೇ ಬೇರೆ, ಆದರೆ ಇದು ಅದರಿಂದ ಬಂದದ್ದಲ್ಲ. ಆಮೇಲೆ ನನ್ನ ಕಡೆ. “ಇದು ಹುಟ್ಟೋವಾಗ ಅಮ್ಮನ ಮೈಯಿಂದ್ಲೇ ಬರುತ್ತೆ, ಲ್ಯಾಬಿಗೆ ಹೋಗದೇ ಇರೋ ಅಮ್ಮಂದಿರ ಮಕ್ಕಳಿಗೂ ಬರುತ್ತೆ. ಅದಕ್ಕೇ ನಿಮಗೂ ಉರಿ. ಉರಿ ಇದೆ ತಾನೇ?”

ತಲೆಯಾಡಿಸಿದೆ. ಅತ್ತೆ ನನ್ನನ್ನು ನೋಡಿದರು. “ಒಂದ್ ಮಾತು ಹೇಳ್ಬಾರ್ದಾ?” ಎಂದರು, ಡಾಕ್ಟರಿಗಿಂತ ಮೆಲ್ಲಗೆ.

“ಅಕಸ್ಮಾತ್ ಲ್ಯಾಬಿಂದೇ ಆಗಿದ್ರೆ?” ಕೇಳಿದೆ.

“ಆಗಿದ್ರೆ ಡ್ರಾಪ್ಸ್ ಕೆಲಸ ಮಾಡಲ್ಲ. ಶನಿವಾರ ಬನ್ನಿ. ಕುಡಿಯೋಕೆ ಶುರು ಮಾಡಿರದೇ ಇದ್ರೆ ಅಡ್ಮಿಟ್ ಮಾಡ್ಕೊಳ್ಳೋಣ. ಅಲ್ಲಿವರೆಗೂ ಹಾಲು ಹಿಂಡಿ ಕುಡಿಸಿ. ಇವತ್ತು ಸಂಜೆ ಒಳಗೆ ಬಟ್ಟೆ ಒದ್ದೆ ಆಗ್ಲಿಲ್ಲ ಅಂದ್ರೆ ಶನಿವಾರದವರೆಗೂ ಕಾಯಬೇಡಿ, ಸೀದಾ ಬನ್ನಿ. ಮತ್ತೆ, ಅಜ್ಜೀ, ಕಿಟಕಿ ತೆಗೀರಿ. ಬೆವರಿದ ಕಡೆ ಇದು ಚೆನ್ನಾಗಿ ಬೆಳೆಯುತ್ತೆ.”

ಮನೆಗೆ ಬಂದು ಅತ್ತೆ ಒಳಲೆ ತೆಗೆದರು. ಚೂಪು ಮೂತಿಯ ಪುಟ್ಟ ಬೆಳ್ಳಿ ಬಟ್ಟಲು, ರೇವಂತನಿಗೆ ಹಾಲು ಕುಡಿಸಿದ್ದು. ನಾನು ಅದನ್ನು ಕುಕ್ಕರಿನಲ್ಲಿಟ್ಟು ಬೇಯಿಸಿದೆ. ಹಿಂಡಿದ ಹಾಲನ್ನು ಅವರು ಅವಳ ತುಟಿಯಂಚಿಗೆ ಹನಿ ಹನಿಯಾಗಿ ಬಿಟ್ಟರು. ಒಂದು ಹನಿ ಹೊರಗೆ, ಒಂದು ಒಳಗೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆಯ ಮಡಿಲು ಒದ್ದೆಯಾಯಿತು. “ಮಾಡ್ಬುಟ್ಳು!” ಎಂದು ಬೀದಿಗೆ ಕೇಳುವ ಹಾಗೆ ಕೂಗಿದರು. ಮೇಲಿನ ಮನೆಯ ಬಾಡಿಗೆಯವರು ಮಗು ಪರೀಕ್ಷೆ ಪಾಸು ಮಾಡಿತೇನೋ ಎಂದುಕೊಂಡಿರಬೇಕು. ಪಾಸೇ, ಒಂದು ರೀತಿಯಲ್ಲಿ.

ಏಪ್ರಿಲ್ ೧೮, ಗುರುವಾರ

ಡ್ರಾಪ್ಸ್ ಹಾಕುವುದು, ಉರಿಗೆ ಮುಲಾಮು ಹಚ್ಚುವುದು, ಹಿಂಡುವುದು, ಬೇಯಿಸುವುದು. ಒಳಲೆಗೆ ಮೂರು ಸೀಟಿಯೂ ಸಾಲದು, ಸಣ್ಣ ಉರಿಯಲ್ಲಿ ಇನ್ನೊಂದಿಷ್ಟು ಹೊತ್ತು ಇಡಬೇಕು. ನಮ್ಮ ಲ್ಯಾಬಿನ ಆಟೋಕ್ಲೇವೂ ಇದೇ, ದೊಡ್ಡ ಕುಕ್ಕರು, ಬೆಲೆ ಮಾತ್ರ ಲಕ್ಷದಲ್ಲಿ ಎಂದೆ. ಅತ್ತೆಗೆ ನಂಬಿಕೆ ಬರಲಿಲ್ಲ. “ಅದ್ರಾಗೆ ಬೇಳೆ ಬೇಯ್ತದಾ?” ಎಂದರು. ಯಾರೂ ಪ್ರಯತ್ನಿಸಿಲ್ಲ ಎಂದೆ. “ಮತ್ತೆ ಯಾಕೆ ಅಷ್ಟು ದುಡ್ಡು.”

ಕಿಟಕಿ ಅರ್ಧ ತೆರೆದಿದೆ. ಇನ್ನರ್ಧದ ಬಗ್ಗೆ ಮಾತುಕತೆ ನಡೆಯುತ್ತಿದೆ.

ಹಾಲು ಕುಡಿಸುತ್ತಾ ಅತ್ತೆ ತಮ್ಮ ಬಾಣಂತನದ ಕತೆ ಹೇಳಿದರು. ರೇವಂತ್ ಹುಟ್ಟಿದ ಮೇಲೆ ಒಂದು ವಾರ ಮಲಗಿದ್ದರಂತೆ, ಅಷ್ಟೇ. ಆಮೇಲೆ ಎದ್ದು ಕೂತು ಊದುಬತ್ತಿ ಹೊಸೆಯುವ ಕೆಲಸ. ಮನೆಯಲ್ಲಿ ಎಲ್ಲರೂ ಹೊಸೆಯುತ್ತಿದ್ದರು. “ನೀರು ಹಾಕೋರು ಯಾರೂ ಇರ್ಲಿಲ್ಲ. ತಣ್ಣೀರೇ ಸುರ್ಕಂತಿದ್ದೆ. ಈಗ್ಲೂ ಸೊಂಟ ಹಿಡೀತದೆ, ಅದ್ಕೇ.” ದೂರುವ ದನಿಯಲ್ಲ, ಬಸ್ಸು ತಪ್ಪಿದ್ದನ್ನು ಹೇಳುವ ದನಿ.

ಇವತ್ತು ಇನ್ನೊಂದು ಕಂಡೆ. ನನ್ನ ಹಂಡೆ ತುಂಬಿಸಿದ ಮೇಲೆ ಅತ್ತೆ ಹಿತ್ತಲಲ್ಲಿ ಅರ್ಧ ಬಕೀಟು ತಣ್ಣೀರಿನಲ್ಲಿ ಸ್ನಾನ ಮುಗಿಸುತ್ತಾರೆ. ಎಷ್ಟು ದಿನದಿಂದ ಹೀಗೋ.

ಅವಳು ಮೂರು ಸಲ ಎದೆಗೆ ಬಾಯಿ ಹಾಕಿದಳು. ಮೂರು ಸಲವೂ ಬಿಟ್ಟಳು. ಆದರೆ ಚೀರಲಿಲ್ಲ, ಗೊಣಗಿದಳು. ಗೊಣಗುವುದು ಪ್ರಗತಿ.

ಏಪ್ರಿಲ್ ೨೦, ಶನಿವಾರ

ಕುಡಿದಳು.

ಬೆಳಿಗ್ಗೆ, ಕಿಟಕಿಯ ಪಕ್ಕ, ನಾನು ಏನೂ ಮಾಡದೆ ಸುಮ್ಮನೆ ಕೂತಿದ್ದಾಗ. ಎರಡು ಗುಟುಕಿನ ನಂತರ ಎಂದಿನಂತೆ ನಿಲ್ಲಿಸಿದಳು, ನಾನು ಉಸಿರು ಹಿಡಿದೆ, ಅವಳು ಕಣ್ಣು ಮುಚ್ಚಿ ಮತ್ತೆ ಎಳೆದಳು. ಬಾಯಂಚಿನಲ್ಲಿ ಹಾಲು ಇಳಿಯಿತು, ನಿಜವಾದ ಹಾಲು. ಅತ್ತೆ ಬಾಗಿಲಲ್ಲಿ ನಿಂತವರು ಒಳಗೆ ಬರಲಿಲ್ಲ, ಕೈಯಲ್ಲಿದ್ದ ಸೊಪ್ಪು ಬಿಡಿಸುವುದನ್ನೂ ನಿಲ್ಲಿಸಿದ್ದರು. ಕುಡಿದು ಕುಡಿದು ಅಮಲೇರಿದವಳ ಹಾಗೆ ತಲೆ ಹಿಂದಕ್ಕೆ ಚೆಲ್ಲಿ ಮಲಗಿದಳು. ಕೆನ್ನೆಯ ಒಳಗೆ ಬಿಳಿ ಒಂದು ಚುಕ್ಕಿ ಉಳಿದಿದೆ.

ಡಾಕ್ಟರು ತೂಕ ನೋಡಿ, “ಸರಿ ಹೋಗಿ” ಎಂದರು. ಅಡ್ಮಿಟ್ ಇಲ್ಲ. ಬರುತ್ತಾ ಅತ್ತೆ ಆಟೋ ನಿಲ್ಲಿಸಿ ರೇವಂತನಿಗೆಂದು ಜಿಲೇಬಿ ಕಟ್ಟಿಸಿದರು. ಮೊದಲನೆಯದನ್ನು ಕಾಗದದ ಮರೆಯಲ್ಲಿ ಮುರಿದು ನನ್ನ ಬಾಯಿಗೆ ಹಾಕಿದರು. ಬಾಣಂತಿಗೆ ಸಿಹಿ ಆಗುವುದಿಲ್ಲ ಎಂಬ ನಿಯಮ ಆಟೋಗೆ ಅನ್ವಯಿಸುವುದಿಲ್ಲವೆಂದು ತಿಳಿಯಿತು.

ಸಂಜೆ ಫೋನು ಹುಡುಕಿದರೆ ದಿಂಬಿನ ಕೆಳಗಿತ್ತು. ಕಲ್ಮೇಶನಿಂದ ಬೆಳಿಗ್ಗೆಯೇ ಫೋಟೋ ಬಂದಿತ್ತು, ನಾಲ್ಕು ಮಿಸ್ಡ್ ಕಾಲ್. ಔಷಧದ ಪ್ಲೇಟು, ನಡುವೆ ಗೆರೆ. ಎಡಕ್ಕೆ ಹನ್ನೆರಡನೇ ನಂಬರು, ಮದುವೆ ಮನೆಯ ಅನ್ನದ ರಾಶಿಯ ಹಾಗೆ ಬೆಳೆದಿದೆ. ಬಲಕ್ಕೆ ಏನೂ ಇಲ್ಲ.

ಐದು ವರ್ಷದಲ್ಲಿ ಖಾಲಿ ಪ್ಲೇಟಿಗಾಗಿ ಎಷ್ಟೋ ಸಲ ಬಯ್ಗುಳ ತಿಂದಿದ್ದೇನೆ. ಇವತ್ತಿನದನ್ನು ಅತ್ತೆಗೆ ತೋರಿಸಿದೆ.

“ಎಲ್ಲೈತೆ?”

“ಇಲ್ಲ ಅತ್ತೆ. ಅದೇ.”

“ಇಲ್ದಿದ್ದನ್ನ ಫೋಟೋ ಹಿಡಿದು ಕಳಿಸ್ಯವ್ನಾ.” ಕನ್ನಡಕ ಹಾಕಿಕೊಂಡು ಮತ್ತೆ ಒಂದು ಸಲ ನೋಡಿದರು. “ಒಳ್ಳೆ ಹುಡ್ಗ.”

ಏಪ್ರಿಲ್ ೨೬, ಶುಕ್ರವಾರ

ಮತದಾನದ ದಿನ. ರೇವಂತ್ ಓಟು ಹಾಕಿ ಡ್ಯೂಟಿಗೆ ಹೋದ. ಬಾಣಂತಿ ಬಿಸಿಲಿಗೆ ಹೋಗಬಾರದೆಂದು ಅತ್ತೆ, ಹೋಗಲೇಬೇಕೆಂದು ನಾನು. ಕೊನೆಗೆ ಬೆಳಿಗ್ಗೆ ನಾನು ಹೋಗಿ ಬಂದೆ, ಸ್ಕಾರ್ಫು ಕಟ್ಟಿಕೊಂಡು. ಅದು ಕಟ್ಟಿಕೊಂಡರೆ ಕಿವಿಗೆ ಧೂಳು ಹೋಗುವುದಿಲ್ಲ, ಅಷ್ಟೇ. ನಾನು ಬಂದ ಮೇಲೆ ಅತ್ತೆ ಹೊರಟರು.

ಅವರು ಹೋದಾಗ ಕಲ್ಮೇಶ ಫೋನು ಮಾಡಿದ. ಪತ್ರಿಕೆಯವರು ಕೇಳಿದ ಪ್ರಯೋಗ ಮುಗಿದಿದೆ. ಮೂವತ್ತೊಂಬತ್ತರಲ್ಲಿ ಹನ್ನೆರಡನೇ ನಂಬರು ಔಷಧಕ್ಕೆ ಬಗ್ಗಿತಂತೆ.

“ಬಿಸಿ ಏರಿದಂಗ ಬಿಚ್ಚಿಕೊಳ್ಳೋ ಪ್ರೋಟೀನ್ ಭಾಳ ಆಗ್ತಾವ್ರಿ. ನಮ್ಮ ಹೀಟ್ ಶಾಕ್ ಪ್ರೋಟೀನು ಎಲ್ಲಾರನೂ ಹಿಡಿಯಾಕ ಹೋಗಿ ತಾನ ಸೋಲ್ತದ. ಅದು ಸೋತ್ರ ಉಳಿದದ್ದೆಲ್ಲಾ ಕುಸೀತದ. ಗ್ರಾಫ್ ಎಷ್ಟು ಚಂದ ಬಂದದ ಅಂತೀರಿ.”

ಚೆಂದವೇ. ಪ್ರಬಂಧ ಹೋಗುತ್ತದೆ. ಗೈಡ್ ನಾಳೆಯೇ ಫೋನು ಮಾಡುತ್ತಾರೆ.

“ಇನ್ನೊಂದ್ರಿ. ಆ ಸಾದಾ ಸ್ಯಾಂಪಲ್ ಭಾಳ ಚಲೋ ಅದ. ಫ್ರೀಜರ್‌ನ್ಯಾಗ ಇಡೋಣಂತ ಸರ್ ಅಂದ್ರು, ಹೋಲಿಸಿ ನೋಡಾಕ ಬರ್ತದಂತ. ಡಬ್ಬಿ ಮ್ಯಾಲ ಏನ್ ಹೆಸರು ಬರೀಲ್ರಿ? ‘ಕೂಸು ಒಂದು’ ಅಂತ ಬರ್ದೇನಿ ಸದ್ಯಕ್ಕ.”

ಶನಿವಾರ ಅವನಿಗೆ ಒಂದು ಕೂಸಿನ ಬಾಯಿಯದು ಎಂದಷ್ಟೇ ಹೇಳಿದ್ದೆ. ನಮ್ಮ ಲ್ಯಾಬಿನಲ್ಲಿ ಏನನ್ನೂ ಎಸೆಯುವುದಿಲ್ಲ. ನಾನಂತೂ ಯಾವತ್ತೂ ಎಸೆದವಳಲ್ಲ.

“ಬೇಡ ಕಲ್ಮೇಶ್. ಅವಳಿಗೇ ಇನ್ನೂ ಹೆಸರಿಟ್ಟಿಲ್ಲ. ಬೇಯಿಸಿಬಿಡು.”

“ನಿಮ್ಮ ಕೂಸಿಂದಾಗಿತ್ತೇನ್ರಿ ಅಕ್ಕಾರ ಅದು?” ಎಂದ. “ಮೊದಲ ಹೇಳಿದ್ರ ನಾ ಶನಿವಾರದ ತನಕ ಹೆಂಗ ಇರ್ತಿದ್ದೆ, ಅದಕ್ಕ ಹೇಳಿಲ್ಲ ನೀವು.” ಹಾಗೇನೂ ಯೋಚಿಸಿರಲಿಲ್ಲ. ಹೂಂ ಎಂದೆ.

ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಕ್ಯೂನಲ್ಲಿ ನಿಂತು ಸೊಂಟ ಹಿಡಿದಿದೆ. ಚಪ್ಪಲಿ ಬಿಡಲೂ ಬಗ್ಗಲಾಗುತ್ತಿಲ್ಲ, ಆದರೂ ಇಂಕು ಹಚ್ಚಿದ ಬೆರಳನ್ನು ಮಗುವಿಗೆ ತೋರಿಸಿ, “ಹುಳ ಅಲ್ಲ, ಮಸಿ” ಎಂದು ಸಮಜಾಯಿಷಿ ಕೊಟ್ಟರು. ಆಮೇಲೆ ಹಿತ್ತಲ ಕಡೆ ತಿರುಗಿದರು. “ನಿನ್ ನೀರು ಕಾಯಿಸ್ಬೇಕು.”

“ಕಾದಿದೆ.”

“ಮತ್ತೆ ಕೂತ್ಕೊ, ಹಾಕ್ತೀನಿ.”

“ನೀವು ಕೂತ್ಕೊಳ್ಳಿ.”

“ನಂಗ್ಯಾಕೆ? ಇರೋ ನೀರೇ ಒಂದ್ ಹಂಡೆ, ಟ್ಯಾಂಕ್ರು ಬರದು ಸೋಮವಾರ.”

“ಅತ್ತೆ, ಮಣೆ ಮೇಲೆ ಕೂತ್ಕೊಳ್ಳಿ.”

ನನ್ನ ದನಿ ಹೇಗಿತ್ತೋ, ಕೂತರು. ಸೀರೆ ಸಡಿಲಿಸಿ, ಗೋಡೆಯ ಕಡೆ ಮುಖ ಮಾಡಿ, ಮೊದಲ ಸಲ ಪೆನ್ಸಿಲ್ ಹಿಡಿದ ಮಗುವಿನ ಹಾಗೆ ಬಿಗಿಯಾಗಿ. ಸೊಂಟಕ್ಕೆ ಹರಳೆಣ್ಣೆ ತೀಡಿದೆ. “ಯಾರಾದ್ರೂ ನೋಡಿದ್ರೆ ಏನಂತಾರೆ” ಎಂದರು. ಮೊಮ್ಮಗಳು ಚಾಪೆಯ ಮೇಲೆ ಮಲಗಿ ನೋಡುತ್ತಿದ್ದಳು, ಏನೂ ಅನ್ನಲಿಲ್ಲ.

“ಬಿಸಿ ನೋಡ್ಕೊ,” ಎಂದರು ಅತ್ತೆ, ತಿರುಗದೆ.

ಮೊಣಕೈ ಅದ್ದಿ ನೋಡಿದೆ. ಸರಿಯಾಗಿತ್ತು. ಹಾಕಿದೆ.